ಸ್ಟೇಜ್ ಇಲ್ಲದ ಕಡೆ

ಸಾಗರಕಟ್ಟೆ ಸೇತುವೆ ದಾಟಿ ಇನ್ನೂರು ಮಾರು,
ಡಾಂಬರು ಬಿಟ್ಟು ಎಡಕ್ಕೆ ಇಳಿಸಿದೆ.
ಮುಂದಿನ ಚಕ್ರ ಇಳಿದಾಗ ಎದೆ ಧಸಕ್ಕೆಂದಿತು,
ಹಿಂದಿನದು ಇಳಿದಾಗ ಏನೂ ಅನ್ನಿಸಲಿಲ್ಲ.

ಇಪ್ಪತ್ತಾರು ವರ್ಷ ನಾನು
ಮೈಸೂರು ಸಿಟಿ ಬಸ್ಸಿನ ಕಂಡಕ್ಟರು.
ನಂಜುಮಳಿಗೆ, ಅಗ್ರಹಾರ, ಗನ್‌ಹೌಸು,
ನಿದ್ದೆಯಲ್ಲೂ ಬಾಯಿಗೆ ಬರುವ ಸ್ಟಾಪುಗಳು.
ರಸ್ತೆ ಅಗೆದಿದ್ದರೆ ಮಾತ್ರ ದಾರಿ ಬದಲು,
ಅದಕ್ಕೂ ಡಿಪೋದಿಂದ ಚೀಟಿ ಬೇಕು.

ನಿವೃತ್ತಿ ದುಡ್ಡಿನಲ್ಲಿ ಕೊಂಡದ್ದು ಈ ಗಾಡಿ:
ಬೂದಿ ಬಣ್ಣ, ಸೆಕೆಂಡ್ ಹ್ಯಾಂಡು, ಲಕ್ಷ ದಾಟಿದ ಕಿಲೋಮೀಟರು,
ನಾಲ್ಕೂ ಚಕ್ರಕ್ಕೆ ಜೀವ.
"ಕಾರೂ ಹೌದು, ಜೀಪೂ ಹೌದು, ಯಾವುದೂ ಪೂರ್ತಿ ಅಲ್ಲ"
ಅಂದ ಮಂಡಿ ಮೊಹಲ್ಲಾದ ಇನಾಯತ್, ಅಡಿಯಲ್ಲಿ ಮಲಗಿ ನೋಡುತ್ತ.
ಅದಕ್ಕೇ ನನಗೆ ಹಿಡಿಸಿತೆಂದು ಅವನಿಗೆ ಹೇಳಲಿಲ್ಲ.
ಹೊಟ್ಟೆಗೂ ನೆಲಕ್ಕೂ ನಡುವೆ
ಒಂದು ಗೇಣಿಗೆ ಬೆರಳು ಕಡಿಮೆ.
ಅಳೆದು ನೋಡಿದ್ದೇನೆ,
ಚಿಲ್ಲರೆ ಎಣಿಸಿ ಕಪ್ಪಾದ ಇದೇ ಕೈಯಲ್ಲಿ.

ಪಕ್ಕದ ಸೀಟಿನಲ್ಲಿ ಅರಕೆರೆಯ ಬೋರಲಿಂಗಣ್ಣ,
ಹದಿನಾಲ್ಕು ವರ್ಷ ನನ್ನ ಬಸ್ಸಿನ ಡ್ರೈವರು.
ಸ್ಟೇರಿಂಗಿಲ್ಲದ ಕೈ ಎಲ್ಲಿಡಬೇಕೋ ತಿಳಿಯದೆ
ತೊಡೆ ಮೇಲೆ, ಬಾಗಿಲ ಮೇಲೆ, ಕೊನೆಗೆ ತಲೆ ಮೇಲೆ.
ಇಲ್ಲದ ಬ್ರೇಕನ್ನು ಬಲಗಾಲು ಒತ್ತುತ್ತಲೇ ಇತ್ತು.
"ಇದ್ಯಾಕ್ ಬೇಕಿತ್ತು ಕಂಡಕ್ಟ್ರಮ್ಮ?
ದಾರಿ ಇರೋ ಕಡೆ ಓಡ್ಸಿ ಓಡ್ಸೇ ಸಾಕಾಗೋಗದೆ."

ವೈಶಾಖ. ಹಿನ್ನೀರು ಹಿಂದೆ ಸರಿದು
ಹೊಳೆಯಂಗಳವೆಲ್ಲ ಬತ್ತಲು.
ಮೇಲೆ ಹಪ್ಪಳದಂಥ ಪದರ, ಅಡಿಯಲ್ಲಿ ಇನ್ನೂ ಕೆಸರು.
ಒಣಗಿದ ಕಪ್ಪೆಚಿಪ್ಪು ಚಕ್ರದಡಿ ಲಟಲಟ.
ಸೆರಗಿನ ಪಿನ್ನು ತೆಗೆದು ವಾಲ್ವ್ ಒತ್ತಿ
ಟೈರಿನ ಗಾಳಿ ಅರ್ಧ ಇಳಿಸಿದೆ:
ರಾತ್ರಿ ಪಾಳಿ ಮುಗಿಸಿದವರ ಹಾಗೆ
ಉಸ್ಸೆಂದು ಅಗಲವಾಗಿ ಕೂತವು.

ಮುಂದೆ ಕೊರಕಲು.
ಓರೆಯಾಗಿ ಇಳಿಸಿದ್ದೇ ತಡ
ಎಡ ಮುಂಗಾಲು, ಬಲ ಹಿಂಗಾಲು ಗಾಳಿಯಲ್ಲಿ.
ನೆಲ ಸಿಗದ ಚಕ್ರವೇ ಜೋರಾಗಿ ತಿರುಗುವುದು,
ಕಸುವೆಲ್ಲ ಅದಕ್ಕೇ, ಊರಿ ನಿಂತದ್ದಕ್ಕೆ ಏನೂ ಇಲ್ಲ.
ನಮ್ಮ ಮನೆಯ ಲೆಕ್ಕವೂ ಸುಮಾರು ಇದೇ.
ಗುಂಡಿ ಒತ್ತಿದೆ.
ಕಟಕಟ ಅಂತ ಗಾಡಿ ಯೋಚಿಸಿತು,
ತಿರುಗುವುದರ ಕಿವಿ ಹಿಂಡಿ
ಊರಿದ್ದಕ್ಕೆ ಪಾಲು ಕೊಟ್ಟಿತು.
ಒಂದಡಿ ಮುಂದೆ. ಮತ್ತೆ ನಿಂತಿತು.

ಬೋರಲಿಂಗಣ್ಣ ಇಳಿದ, ಪ್ಯಾಂಟು ಮಡಚಿದ.
ನನಗೆ ಕಾಣದ ಕಲ್ಲು ಅವನಿಗೆ ಕಾಣುವಲ್ಲಿ ನಿಂತು
ಬಾನೆಟ್ಟನ್ನು ಅಂಗೈಯಿಂದ ಎರಡು ಸಲ ತಟ್ಟಿ,
"ಬರ್ಲಿ… ಬರ್ಲಿ… ವಸಿ ಎಡಕ್ಕೆ… ಬರ್ಲಿ…"

ಆ ಕೂಗು ನನ್ನದು.
ಬಸ್ಸಿನ ಬೆನ್ನಿಗೆ ನಿಂತು ತಗಡು ತಟ್ಟಿ
ಮಳೆಯಲ್ಲಿ, ಕತ್ತಲಲ್ಲಿ ನಾನು ಕೂಗಿದ್ದು.
ಕನ್ನಡಿಯಲ್ಲಿ ಬರೀ ನನ್ನ ಕೈ ನೋಡಿ
ಅಷ್ಟು ದೊಡ್ಡ ಬಸ್ಸನ್ನು ಹಿಂದೆ ಬಿಡುತ್ತಿದ್ದ ಈ ಮನುಷ್ಯ.
ಅದು ಎಂಥ ಕಷ್ಟದ ಕೆಲಸವೆಂದು
ಒಮ್ಮೆಯೂ ಬಾಯಿಬಿಟ್ಟಿರಲಿಲ್ಲ.

ಅಡಿಯಲ್ಲೆಲ್ಲೋ ಕಲ್ಲು ಕೆರೆಯಿತು,
ಆ ಕಡಿಮೆ ಬಿದ್ದ ಬೆರಳಿನ ಜಾಗದಲ್ಲಿ.
"ವೋಲ್ಡಾನ್!"
ನಿಂತೆ. ಅವನು ಬಗ್ಗಿ ನೋಡಿದ.
ತುಂಬ ಹೊತ್ತು ನೋಡಿದ.
"ರೈಟ್."

ಆಚೆ ದಡದಲ್ಲಿ ಎಂಜಿನ್ ಆರಿಸಿದೆ.
ಹೂಳಿನಿಂದ ಅರ್ಧ ತಲೆ ಎತ್ತಿದ ಸಾಲುಗಲ್ಲು.
ಮುಳುಗಡೆಯ ಹಳೇ ರಸ್ತೆ ಅಂತ ಅವನು,
ಯಾರದೋ ಗದ್ದೆಯ ತೆವರು ಅಂತ ನಾನು.
ಇಷ್ಟು ದೂರ ಬಂದು ಮತ್ತೆ ರಸ್ತೆ
ನನಗೆ ಬೇಡವಾಗಿತ್ತು.

ಕಲ್ಲಂಗಡಿ ಹೊಲದಿಂದ ಒಬ್ಬಾಕೆ ಬಂದಳು,
ತಲೆ ಮೇಲೆ ಮೂಟೆ, ಕೈಯಲ್ಲೊಂದು ಕೂಸು.
"ಸಾಗರಕಟ್ಟೆಗಂಟ ಬುಡ್ತೀರಾ? ಎಷ್ಟಾಯ್ತದೆ?"
ನನ್ನ ಕೈ ಸೊಂಟದ ಪಕ್ಕ
ಇಲ್ಲದ ಚೀಲವನ್ನು ತಡಕಿತು.
ಅಷ್ಟರಲ್ಲಿ ಬೋರಲಿಂಗಣ್ಣ
ಹಿಂದಿನ ಬಾಗಿಲು ತೆಗೆದಾಗಿತ್ತು:
"ಒಳಕ್ ನಡೀರಿ, ಒಳಕ್ ನಡೀರಿ, ಜಾಗ ಅದೆ."