ಸದ್ದಿಲ್ಲದ ದಾರ

ಬಾ ಯಾಹೋಸ್ಕಾ, ಕೂರು. ಆ ಕುರ್ಚಿ ಬೇಡ, ಅದರ ಕಾಲು ಸಡಿಲ.
ಗೋಡೆಯ ಮೇಲಿನದನ್ನು ನೋಡಲು ಬಂದವಳಲ್ಲವೆ ನೀನು?
ಸಾನ್ ಕಾರ್ಲೋಸಿನ ಕಟ್ಟೆಯ ಮೇಲೆ ಯಾರೋ ಹೇಳಿರಬೇಕು,
ಹಸಿಂತೊ ಮುದುಕನ ಮನೆಯಲ್ಲಿ ಒಂದು ಉಳಿದಿದೆ ಎಂದು.
ಇದೆ. ನಾಲ್ಕಡಿ ಎರಡು ಬೆರಳು.
ಒಬ್ದುಲಿಯಾ ಇದ್ದಾಗ ಅದರ ಹಲ್ಲುಗಳಿಗೆ
ಲೋಟ ನೇತುಹಾಕುತ್ತಿದ್ದಳು, ಜಪಮಾಲೆ, ಬೀಗದ ಕೈ.
ಎಡಗಡೆ ಇಪ್ಪತ್ತು. ಬಲಗಡೆ ಹತ್ತೊಂಬತ್ತು;
ಇನ್ನೊಂದನ್ನು ನನ್ನ ಮಗ ಕಿತ್ತು ಹುಂಜದ ಕಾಲಿಗೆ ಕಟ್ಟಿದ.
ಹುಂಜ ಸೋತಿತು.

ಆಗ ಗ್ರಾನಾಡಾದಿಂದ ಐಸಿನ ದೋಣಿ ಬರುತ್ತಿತ್ತು, ವಾರಕ್ಕೆರಡು ಸಲ.
ರೆಕ್ಕೆಗೆ ಒಂದು ಬೆಲೆ, ಮಾಂಸಕ್ಕೆ ಅರೆಬೆಲೆ,
ಗರಗಸಕ್ಕೆ ಬೆಲೆಯೇ ಇಲ್ಲ, ಬಲೆ ಹಾಳು ಅಷ್ಟೆ.
ಬಿಡಿಸುವುದಕ್ಕಿಂತ ಕೊಡಲಿ ಅಗ್ಗ.
ಮರಿಗಳಾದರೆ ಮೂತಿ ಕಡಿದು ನೀರಿಗೆ ಎಸೆಯುತ್ತಿದ್ದೆವು.
ಈಜುತ್ತಿದ್ದವು, ಆಣೆಯಿಟ್ಟು ಹೇಳುತ್ತೇನೆ, ಈಜುತ್ತಿದ್ದವು,
ದೀಪ ಆರಿದ ಕೋಣೆಯಲ್ಲಿ ಬಾಗಿಲು ಹುಡುಕುವವರ ಹಾಗೆ.

ನೀನು ಮಸೂರ ಹಿಡಿದು
ಅದರ ಮೇಲ್ಮೈಯ ತೂತು ಎಣಿಸುತ್ತೀಯೆ.
ಎಂಟುನೂರು ದಾಟಿ ಲೆಕ್ಕ ತಪ್ಪಿ, ಮತ್ತೆ ಒಂದರಿಂದ.
ಗೆದ್ದಲು ಎಂದುಕೊಂಡಿದ್ದೆ ನಾನು,
ಎರಡು ಸಲ ಸೀಮೆಎಣ್ಣೆ ಸವರಿದ್ದೆ.

ಗೆದ್ದಲಲ್ಲ ದೊನ್ ಹಸಿಂತೊ, ಎನ್ನುತ್ತೀ ನೀನು,
ಕಿವಿಯಲ್ಲ, ಮೂಗಲ್ಲ, ನಮಗಿಲ್ಲದ ಇಂದ್ರಿಯ ಇದು.
ಒಂದೊಂದರೊಳಗೂ ಲೋಳೆ ತುಂಬಿದ ಕೊಳವೆ.
ಕೆಸರಲ್ಲಿ ಅಡಗಿದ ಸಿಗಡಿ ಮಿಸುಕಿದರೆ
ಅದರ ಮೈಯ ಕೂದಲೆಳೆಯಷ್ಟು ವಿದ್ಯುತ್ತು
ಇಲ್ಲಿ ಬಂದು ತಟ್ಟುತ್ತದೆ.
ತೊರಕೆಗೂ ಇದೆ, ಶಾರ್ಕಿಗೂ ಇದೆ;
ಇವನೊಬ್ಬ ಅದನ್ನು ಮುಖದ ಮುಂದೆ ಇಷ್ಟುದ್ದ ಚಾಚಿದವನು.

ಯಾವುದೋ ದೇಶದ ತೊಟ್ಟಿಯ ಕಥೆಯನ್ನೂ ಹೇಳಿದೆ ನೀನು:
ತಳದಲ್ಲಿ ಎರಡು ತಂತಿ, ಚಿಟಿಕೆ ಕರೆಂಟು,
ಮೀನಿಲ್ಲ, ವಾಸನೆಯಿಲ್ಲ. ಮರಿಯೊಂದು ತೇಲಿ ಬಂದು
ಫಟ್ಟನೆ ತಿರುಗಿ
ಇಲ್ಲದ ಮೀನನ್ನು ಹೊಡೆಯಿತಂತೆ,
ಮೂತಿಯಿಂದ ಒತ್ತಿ ಹಿಡಿಯಿತಂತೆ.
ನಕ್ಕೆ. ಆಮೇಲೆ ನಗು ಬರಲಿಲ್ಲ.

ಕತ್ತಿ ಎಂದುಕೊಂಡು
ಐವತ್ತು ವರ್ಷ ನಾನು ಗೋಡೆಗೆ ಮೊಳೆ ಹೊಡೆದಿಟ್ಟದ್ದು
ಒಂದು ಅಂಗೈಯನ್ನು.

ಹಾಗಾದರೆ ಹೇಳು, ನನ್ನ ಎದೆ ತಿಳಿಯುತ್ತಿತ್ತೆ ಅದಕ್ಕೆ?
ನನ್ನೊಳಗೂ ಕರೆಂಟು ಇದೆಯಲ್ಲ, ಆಸ್ಪತ್ರೆಯಲ್ಲಿ
ಕಾಗದದ ಮೇಲೆ ಗುಡ್ಡ ಕಣಿವೆ ಬರೆಸಿ ತೋರಿಸಿದ್ದರು.
ಮೊಳದಷ್ಟು ಹತ್ತಿರ ಬಂದಿದ್ದರೆ, ಬಹುಶಃ, ಎಂದೆ ನೀನು.
ಬಂದಿತ್ತು. ಮೊಳಕ್ಕಿಂತ ಹತ್ತಿರ.

ಮತ್ತೆ ಬಲೆ? ಬಲೆ ಯಾಕೆ ತಿಳಿಯಲಿಲ್ಲ?
ನೀನು ಮಸೂರ ಕೆಳಗಿಟ್ಟೆ.
ನೈಲಾನು ಏನೂ ಹೇಳುವುದಿಲ್ಲ.
ಈ ಹೊಳೆಯಲ್ಲಿ ಏಡಿ ಗುನುಗುತ್ತದೆ, ಬಸವನಹುಳು ಗುನುಗುತ್ತದೆ,
ಮೊಸಳೆ ನಿದ್ದೆಯಲ್ಲೂ ಗುನುಗುತ್ತದೆ.
ನಾನು ಇಳಿಬಿಟ್ಟ ದಾರ ಒಂದೇ
ಮೂಕ.
ಅಲ್ಲಿ ಅದಕ್ಕೆ ಬರಿಯ ನೀರಿತ್ತು.
ಬರಿಯ ನೀರಿಗೆ ಹಲ್ಲು ಸಿಕ್ಕಿಕೊಂಡಿತು.

ಎಲ್ ಕಾಸ್ತಿಯೊದ ಸೆಳವಿನ ಕೆಳಗೆ ನಲವತ್ತು ಬಾಟಲಿ ತುಂಬಿದ್ದೀಯಂತೆ.
ಹಾದುಹೋದವರ ಚರ್ಮದ ಪುಡಿ ನೀರಲ್ಲಿರುತ್ತದೆ,
ಸೋಸಿದರೆ ಹೆಸರು ಸಿಗುತ್ತದೆ.
ಶಾರ್ಕಿನದು ಸಿಕ್ಕಿದೆ, ಹಸುವಿನದು, ನಮ್ಮೂರ ನಾಯಿಗಳದೂ.
ಇವನದು ಇಲ್ಲ.
ಇಲ್ಲ ಎಂದಲ್ಲ, ತಿದ್ದಿದೆ ನೀನು. ಇನ್ನೂ ಇಲ್ಲ.

ಹಲ್ಲಿನ ಬುಡದಿಂದ ಹೆಸರುಕಾಳಿನಷ್ಟು ಪುಡಿ ಕೊರೆದುಕೊಂಡೆ.
ಇಡೀ ಒಯ್ಯಿ ಎಂದರೆ ಒಲ್ಲೆ ಎಂದೆ:
ಇಲ್ಲೇ ಇರಲಿ, ದೋಣಿಯ ಹುಡುಗರು ನೋಡಲಿ,
ಒಂದು ದಿನ ಸಿಕ್ಕಿಬಿದ್ದರೆ
ಹೇಗೆ ಬಿಡಿಸುವುದೆಂದು ನೀವೇ ತೋರಿಸಿ.

ಬಿಡಿಸುವುದು ನನಗೆ ಗೊತ್ತಿಲ್ಲ, ಯಾಹೋಸ್ಕಾ.
ನಾನು ಕಡಿಯುವುದು ಮಾತ್ರ ಬಲ್ಲವನು.

ನೀನು ಹೋದ ಮೇಲೆ ಅದನ್ನು ಗೋಡೆಯಿಂದ ಇಳಿಸಿದೆ.
ಮಂಚದ ಕೆಳಗಿನ ಹಳೇ ಬಲೆ ತೆಗೆದು
ಬೇಕೆಂದೇ ಸುತ್ತಿದೆ, ಗಂಟುಗಂಟು.
ಈಗ ರಾತ್ರಿ, ಕರೆಂಟು ಹೋಗಿದೆ, ಬೆರಳೇ ಕಣ್ಣು.
ಎಡಗಡೆ ಹನ್ನೆರಡು ಹಲ್ಲು ಬಿಡಿಸಿದೆ.
ಚಾಕು ಮೇಜಿನ ಮೇಲೇ ಇದೆ. ಮುಟ್ಟಿಲ್ಲ.