ಎರಡಕ್ಕೆ ಒಂದು

ಹಾಸನದ ಹಾರ್ಡ್‌ವೇರ್ ಅಂಗಡಿಯವನು ಹೇಳಿ ಕಳಿಸಿದ್ದ:
ಎರಡು ಲೋಟ ರೆಸಿನ್‌ಗೆ ಒಂದು ಲೋಟ ಹಾರ್ಡ್‌ನರ್,
ಕಣ್ಣಳತೆ ಬೇಡ.
ಚೌರಪ್ಪಣ್ಣನಿಗೆ ಗೊತ್ತಿರುವುದೇ ಕಣ್ಣಳತೆ.
ಅದಕ್ಕೇ ಲೋಟ ನನ್ನ ಕೈಲಿ.

ಗೊರೂರು ಹಿನ್ನೀರ ದಂಡೆಯಲ್ಲಿ
ಬೋರಲು ಬಿದ್ದಿದೆ ದೋಣಿ.
ಮೂರು ಬಿಸಿಲು ಕಾಯಿಸಿ, ಉಪ್ಪುಕಾಗದ ತಿಕ್ಕಿ
ಅಪ್ಪ ಬಳಿದ ಡಾಂಬರು ಕಿತ್ತಿದ್ದೇವೆ,
ಒಬ್ಬೊಬ್ಬರು ಒಂದೊಂದು ಮಗ್ಗುಲು.

ಬೆರೆಸಿದ್ದೇ ತಡ, ಡಬ್ಬಿ ಬಿಸಿಯೇರಿತು
ಕೈಯಲ್ಲಿ ಹಿಡಿಯಲಾಗದಷ್ಟು.
ಒಲೆಯಿಲ್ಲ, ಕಡ್ಡಿ ಗೀರಿಲ್ಲ,
ಎಲ್ಲಿತ್ತು ಇದರೊಳಗೆ ಇಷ್ಟು ಸಿಟ್ಟು?
‘ನೋಡ್ತಾ ನಿಂತ್ಕೋಬೇಡ, ಬಳಿ,
ಅರ್ಧ ಗಂಟೇಲಿ ಕಲ್ಲಾಗುತ್ತೆ’ ಅಂದ.
ದೋಣಿ ಯಾರದೆಂದು ಕಿತ್ತಾಡಿದ ಮೇಲೆ
ಒಂಬತ್ತು ದಿನಕ್ಕೆ ಇದು ಮೊದಲ ಮಾತು.

ಸಂದಿಗೆ ಮರದ ಹೊಟ್ಟು ಕಲೆಸಿ ತುಂಬಿದೆ.
ಮೊಳೆಗಣ್ಣಿಗೆ ಎರಡೆರಡು ಸಲ.
ಏರೋಪ್ಲೇನ್ ಚಿಟ್ಟೆಯೊಂದು ಬಂದು
ಹಸಿ ಮೈಮೇಲೆ ಕೂತೇಬಿಟ್ಟಿತು.
ಬಿಡಿಸಲು ಹೋದೆ, ರೆಕ್ಕೆ ಉಳಿಯಿತು.
ಅದರ ಮೇಲೇ ಅಣ್ಣ ಇನ್ನೊಂದು ಕೈ ಬಳಿದ.

ನೀರಿಗಿಳಿಸಿದ ದಿನ
ಒಳಹಲಗೆಗೆ ಅಂಗೈ ಒತ್ತಿ ನೋಡಿದೆ.
ಒಣ.
ಕೆಳಗೆಲ್ಲೋ ಅಜ್ಜನ ರಾಗಿ ಹೊಲ,
ಹೊಲದ ಬದು, ಬದುವಿನ ಹುಣಸೆ.
ಅಣ್ಣ ಹುಟ್ಟು ಎತ್ತಿ ಹಿಡಿದ:
‘ಇಲ್ಲಿ ನಿಧಾನ ಕಣೋ, ಬೊಡ್ಡೆ ತಾಗುತ್ತೆ.’