ಗಂಡು ಹೊಂಬಾಳೆ

ಜೆಸ್ಸೋರಿನಲ್ಲಿ ನಾವು ಈಚಲಿನ ಕೊರಳು ಕೆತ್ತುತ್ತಿದ್ದೆವು.
ಮಾಗಿಯ ರಾತ್ರಿ ಮಡಕೆ ಕಟ್ಟಿ, ನಸುಕಿಗೆ ರಸ ಇಳಿಸಿ
ಬೆಲ್ಲ ಕಾಸುತ್ತಿದ್ದೆವು. ಮರ ಗಂಡೋ ಹೆಣ್ಣೋ
ಯಾರೂ ಕೇಳಿದ್ದಿಲ್ಲ.
ಗಾಯವಾದರೆ ಎರಡೂ ಸುರಿಸುತ್ತವೆ.

ಇಲ್ಲಿ, ಒಮಾನಿನ ಈ ಬೋಳುಗುಡ್ಡದ ಬುಡದಲ್ಲಿ,
ಮೊದಲ ದಿನವೇ ನಸ್ರಾ ಅಜ್ಜಿ ಕೇಳಿದಳು:
ಖೋರ್ಶೆದ್, ಇದು ಗಂಡೋ ಹೆಣ್ಣೋ?
ತಲೆ ಕೆರೆದುಕೊಂಡೆ.
ಮೂವತ್ತೆಂಟು ಹೆಣ್ಣು, ಗಂಡು ಒಂದೇ, ಅಂದಳು,
ಉಳಿದ ಗಂಡುಗಳು ಎಂದೋ ಸೌದೆಯಾದವು.

ಗಾಳಿ ಇದೆಯಲ್ಲ, ಅಂದೆ.
ಗಾಳಿ ದುಂದುಗಾರ. ಒಂದು ಚಿಟಿಕೆ ಮುಟ್ಟಿಸಿ
ಒಂದು ಮೂಟೆ ಗುಡ್ಡಕ್ಕೆ ಉಗ್ಗುತ್ತದೆ.
ಜೇನ್ನೊಣ?
ಗಂಡಿನ ಮನೆಯಲ್ಲಿ ಹಿಟ್ಟು ಉಂಡು ಹಾಗೇ ಹೊರಡುತ್ತದೆ,
ಹೆಣ್ಣಿನ ಕಡೆ ಅದಕ್ಕೇನಿದೆ?
ಅದಕ್ಕೇ ನಿನ್ನನ್ನು ಕರೆಸಿದ್ದು.

ಹೊಂಬಾಳೆ ಬಿರಿದ ಮೂರು ನಾಲ್ಕು ದಿನದೊಳಗೆ ಆಗಬೇಕು.
ಗಂಡಿನ ಐದಾರು ಎಳೆ ತಲೆಕೆಳಗಾಗಿ
ಹೆಣ್ಣುಗೊನೆಯ ನಡುವೆ ಸಿಕ್ಕಿಸಿ
ಗರಿಯ ಸೀಳಿನಿಂದ ಕಟ್ಟಬೇಕು, ಸಡಿಲವಾಗಿ,
ಕಾಯಿ ದಪ್ಪವಾದಂತೆ ಗಂಟು ತಾನೇ ಬಿಚ್ಚುವ ಹಾಗೆ.

ಹಿಟ್ಟಿನ ವಾಸನೆ ಎಂಥದೆಂದು
ಮದುವೆಯಾದವರಿಗೆಲ್ಲ ಗೊತ್ತು, ಹೇಳುವವರಿಲ್ಲ.
ಮೂರು ವರ್ಷದಿಂದ ಊರು ಕಾಣದ ನಾನು
ಮರದ ತುದಿಯಲ್ಲಿ ಅದು ಮೂಗಿಗೆ ಬಡಿದಾಗ
ನಡುವಿನ ಹಗ್ಗ ಇನ್ನೊಮ್ಮೆ ಬಿಗಿದುಕೊಳ್ಳುತ್ತೇನೆ.

ಈ ಸಲ ಅವಳ ಗಂಡುಮರಕ್ಕೆ ಕಾಂಡದಲ್ಲಿ ಹುಳ.
ಒಂದು ಹೊಂಬಾಳೆಯೂ ಇಲ್ಲ.
ಗೋಡೆಯಾಚೆ ಮುಹನ್ನಾನ ಗಂಡು ಸೀಳಿ ನಿಂತಿತ್ತು,
ಅಲುಗಿದರೆ ಹೊಗೆ ಎದ್ದ ಹಾಗೆ.
ಅರ್ಧ ಗಂಟೆ ಕಾಲುವೆ ನೀರಿಗಾಗಿ
ಹನ್ನೊಂದು ವರ್ಷ ಮಾತು ಬಿಟ್ಟ ಮನೆ.
ಅಜ್ಜಿ ಕೇಳಲಿಲ್ಲ. ಕೇಳಿಸಲೂ ಇಲ್ಲ.
ನಘಾಲ್ ಹೆಣ್ಣುಗಳು ಬಿರಿದವು.
ಒಂದು ದಿನ. ಎರಡು ದಿನ.
ದಂತದ ಮಣಿಗಳು ಮಂಕಾಗತೊಡಗಿದವು.

ಮೂರನೆಯ ಬೆಳಗ್ಗೆ ಹೊಸ್ತಿಲ ಮೇಲೆ
ಹಳೇ ಪೇಪರಿನಲ್ಲಿ ಸುತ್ತಿದ ಎರಡು ಹೊಂಬಾಳೆ, ಇನ್ನೂ ತಣ್ಣಗೆ.
ಯಾರೆಂದು ಕೇಳಬೇಡ, ಮರ ಹತ್ತು, ಅಂದಳು.

ಹತ್ತಿದೆ. ಮೇಲಿನಿಂದ ಮುಹನ್ನಾ ಕಂಡ,
ಕಾಲುವೆಯ ಕೆಸರು ಎತ್ತುತ್ತಿದ್ದ.
ಸಂಜೆಯವರೆಗೂ ಅದೇ ಒಂದು ಮಾರು ಕಾಲುವೆ.
ಉಳಿದ ಹಿಟ್ಟನ್ನು ಬಟ್ಟೆಯ ಮೇಲೆ ಒಣಗಿಸಿ
ತಡವಾಗಿ ಬಿರಿಯುವ ಖಸಾಬ್ ಹೆಣ್ಣುಗಳಿಗೆಂದು
ಡಬ್ಬಿಯಲ್ಲಿ ಎತ್ತಿಟ್ಟೆವು.

ಬೇಸಿಗೆಗೆ ಹಣ್ಣು ಬಂತು, ಪ್ರತಿ ಸಲಕ್ಕಿಂತ ದಪ್ಪ,
ಎಂಟು ದಿನ ಮುಂಚೆ.
ಗಂಡು ಯಾವುದೆಂಬುದು ಬೀಜಕ್ಕಷ್ಟೇ ಅಲ್ಲ, ತಿರುಳಿಗೂ ಹತ್ತುತ್ತದೆ,
ಎನ್ನುತ್ತ ಅಜ್ಜಿ ಒಂದನ್ನು ನಿಧಾನ ಕಚ್ಚಿದಳು.
ಅವನ ಹಾಗೇ, ಅಂದಳು. ಅವಸರ.

ಯಾವ ಮರದ ಮಾತು ಅದು ಎಂದು
ನಾನು ಕೇಳಲಿಲ್ಲ.